ಮರಿ ಬಂದ, ಬುಡ್ಡಿ ಹಚ್ಚಿ

ನಮ್ಮೂರಿನಲ್ಲಿ ಮನೆಯೊಳಗೆ ಯಾರಿಗಾದರೂ ಸಿಟ್ಟು ಬಂದರೆ ಫ್ಯೂಸ್ ಹೋಗುತ್ತದೆ. ಬಾಯಿ ಬಿಟ್ಟು ಬೈಯಬೇಕೆಂದಿಲ್ಲ, ಪಾತ್ರೆ ಎತ್ತಿ ಹಾಕಬೇಕೆಂದಿಲ್ಲ. ಹಲ್ಲು ಕಚ್ಚಿಕೊಂಡು ಸುಮ್ಮನೆ ಕೂತರೂ ಸಾಕು. ಬಲ್ಬು ಮೊದಲು ಹಳದಿಗೆ ತಿರುಗುತ್ತದೆ, ಆಮೇಲೆ ಗೋಡೆಯ ಮೇಲೆ ಫ್ಯೂಸ್ ಕೂರಿಸಿದ ಪಿಂಗಾಣಿ ಕಟೌಟಿನೊಳಗೆ ಟಪ್ ಎನ್ನುತ್ತದೆ, ಮನೆ ಕತ್ತಲಾಗುತ್ತದೆ. ಬೇರೆ ಊರಿನಿಂದ ಬಂದವರು ಲೈನಿನಲ್ಲಿ ದೋಷವಿದೆ ಎನ್ನುತ್ತಾರೆ. ಒಂದು ವಾರ ಇದ್ದು ನೋಡಲಿ.

ಅದಕ್ಕೇ ನಮ್ಮಲ್ಲಿ ಪ್ರತಿ ಮನೆಯ ಮುಂದೆ ಒಂದು ಕಲ್ಲು ಹಾಕಿರುತ್ತಾರೆ. ತಣಿಗಲ್ಲು ಎಂದು ಅದರ ಹೆಸರು. ಸಿಟ್ಟು ಬರುವ ಸೂಚನೆ ಸಿಕ್ಕ ಕೂಡಲೇ ಎದ್ದು ಹೋಗಿ ಅದರ ಮೇಲೆ ಕೂರಬೇಕು, ತಣ್ಣಗಾದ ಮೇಲೆ ಒಳಗೆ ಬರಬೇಕು. ಅರ್ಧ ಗಡ್ಡ ಹೆರೆದುಕೊಂಡವರು, ಕೈಯಲ್ಲಿ ದೋಸೆ ಮಗುಚುವ ಸಟ್ಟುಗ ಹಿಡಿದವರು ಬೆಳಿಗ್ಗೆ ಬೆಳಿಗ್ಗೆಯೇ ಅಲ್ಲಿ ಕೂತಿರುತ್ತಾರೆ. ಪರೀಕ್ಷೆಯ ಫಲಿತಾಂಶ ಬಂದ ದಿನವಂತೂ ಬೀದಿಯ ಉದ್ದಕ್ಕೂ ಅಪ್ಪಂದಿರು. ಎದುರು ಮನೆಯವರು ನೋಡಿದರೂ ನೋಡದವರ ಹಾಗೆ ಹೋಗುತ್ತಾರೆ, ಅದು ಮರ್ಯಾದೆ. ಗಂಡ ಹೆಂಡಿರ ಜಗಳವೂ ಬೀದಿಯಲ್ಲೇ. "ಸ್ವಲ್ಪ ಹೊರಗೆ ಬಾ" ಎಂದು ಹೆಂಡತಿ ಮೆತ್ತಗೆ ಕರೆದಳೆಂದರೆ ಗಂಡನ ಮುಖ ಬಾಡುತ್ತದೆ.

ನನಗೆ ಮಾತ್ರ ಕಲ್ಲು ಸಾಲಲಿಲ್ಲ. ಕೆಲವರದು ಬಂದು ಹೋಗುವ ಸಿಟ್ಟು. ನನ್ನದು ಬಂದದ್ದು ಹೋಗಲಿಲ್ಲ. ಊರಿನ ಕೊನೆಯ ಕಂಬ ದಾಟಿದ ಮೇಲೆ ಹಾಳುಬಿದ್ದ ಸುಣ್ಣದ ಗೂಡೊಂದಿದೆ. ಅದರ ಪಕ್ಕದ ಕೋಣೆಯಲ್ಲಿ ನಾನಿರುತ್ತೇನೆ. ಅಲ್ಲಿಗೆ ಕರೆಂಟಿಲ್ಲ, ಹೋಗಲು ಫ್ಯೂಸೂ ಇಲ್ಲ. ಒಂದು ಲಾಟೀನು, ಒಂದು ಚಾಪೆ, ಒಂದು ಸ್ಟೌವು. ಮಾತಾಡಬೇಕೆನಿಸಿದರೆ ಸ್ಟೌವಿನ ಜೊತೆ ಮಾತಾಡುತ್ತೇನೆ. ಅದು ಹೊತ್ತಿಕೊಳ್ಳದಿದ್ದರೆ ಅದನ್ನೂ ಬೈಯುತ್ತೇನೆ.

ಇಷ್ಟು ಓದಿದವರಿಗೆ ನಗು ಬರಬಹುದು, ನನ್ನ ಕೆಲಸ ವೈರಿಂಗು. ಏಳನೇ ತರಗತಿಯಲ್ಲಿ ನನ್ನನ್ನು ಶಾಲೆಯಿಂದ ಕಳಿಸಿದರು. "ಇವನೊಬ್ಬನಿಗಾಗಿ ಎಲ್ಲರೂ ಫ್ಯಾನಿಲ್ಲದೆ ಬೇಯಬೇಕಾ?" ಎಂದರು ಹೆಡ್ ಮಾಸ್ತರು. ಬೀದಿಯಲ್ಲಿ ತಿರುಗುತ್ತಿದ್ದವನನ್ನು ಪೀರು ಮೇಸ್ತ್ರಿ ಕರೆದುಕೊಂಡರು. ಊರಿಗೆಲ್ಲ ವೈರಿಂಗ್ ಮಾಡುತ್ತಿದ್ದವರು ಅವರೊಬ್ಬರೇ. "ಈ ಕೆಲಸಕ್ಕೆ ನಿನ್ನಂಥವನೇ ಸರಿ ಕಣ್ಲಾ" ಎಂದರು. "ಮೈನ್ ಸ್ವಿಚ್ ಇಳಿಸದೆ ನೀನು ಒಳಗೆ ಕಾಲಿಡಂಗಿಲ್ಲ. ಮೈನ್ ಇಳಿಸಿದೋನು ಸಾಯಲ್ಲ."

ಅವರು ಕಲಿಸಿದ್ದು ನನಗೆ ಬಾಯಿಪಾಠ. ಒದ್ದೆ ಕೈ ಬೇಡ. ಬರಿಗಾಲು ಬೇಡ, ರಬ್ಬರ್ ಚಪ್ಪಲಿ ಹಾಕು, ಇಲ್ಲವೇ ಒಣಗಿದ ಮಣೆ ಮೇಲೆ ನಿಲ್ಲು. ಸ್ವಿಚ್ ಆರಿಸಿದ್ದೀನಿ ಎಂದವನ ಮಾತು ನಂಬಬೇಡ, ಟೆಸ್ಟರ್ ಇಟ್ಟು ನೋಡು. ಸ್ವಿಚ್ಚನ್ನು ಕರೆಂಟು ತರುವ ಫೇಸ್ ತಂತಿಗೇ ಹಾಕು, ನ್ಯೂಟ್ರಲ್‌ಗೆ ಹಾಕಿದರೆ ಬಲ್ಬು ಆರಿರುತ್ತದೆ, ಹೋಲ್ಡರಿನಲ್ಲಿ ಯಮ ಕೂತಿರುತ್ತಾನೆ. ಅರ್ಥಿಂಗ್ ಇಲ್ಲದೆ ಇಸ್ತ್ರಿ ಪೆಟ್ಟಿಗೆ ಮುಟ್ಟಬೇಡ. ಯಾರಾದರೂ ತಂತಿಗೆ ಅಂಟಿಕೊಂಡರೆ ಕೈ ಹಿಡಿದು ಎಳೆಯಬೇಡ, ಮೊದಲು ಮೈನ್ ಇಳಿಸು, ಇಲ್ಲವೇ ಒಣಗಿದ ಕೋಲಿನಿಂದ ತಳ್ಳು. ಫ್ಯೂಸ್ ಕಟ್ಟುವಾಗ ಮಾತ್ರ ಅವರ ದನಿ ಬದಲಾಗುತ್ತಿತ್ತು. ಕೂದಲೆಳೆಯಂಥ ತಂತಿಯನ್ನು ಬೆರಳಿಗೆ ಸುತ್ತಿಕೊಂಡು ಹೇಳುತ್ತಿದ್ದರು, "ಫ್ಯೂಸ್ ಅಂದ್ರೆ ಏನಂದ್ಕೊಂಡೆ? ಮನೆ ಉಳೀಲಿ, ನಾನು ಹೋಗ್ತೀನಿ ಅಂತ ಒಪ್ಕೊಂಡಿರೋ ತಂತಿ. ಅದು ಪದೇ ಪದೇ ಹೋಗ್ತದೆ ಅಂತ ದಪ್ಪ ತಂತಿ ಕಟ್ಟಿದ್ಯೋ, ಅದರ ಬದಲು ಮನೆ ಹೋಗ್ತದೆ."

ಮೇಸ್ತ್ರಿ ತೀರಿಕೊಂಡ ಮೇಲೆ ಊರಿನ ವೈರಿಂಗೆಲ್ಲ ನನ್ನದಾಯಿತು. ಜನ ಮೈನ್ ಇಳಿಸಿ ನನ್ನನ್ನು ಒಳಗೆ ಬಿಡುತ್ತಾರೆ. ಕೆಲಸ ಮುಗಿದ ಕೂಡಲೇ "ಆಯ್ತಲ್ಲ ಮರಿ, ಇನ್ನು ಹೊರಡು" ಎನ್ನುತ್ತಾರೆ. ನಾನು ಬೀದಿಯ ತುದಿಗೆ ಹೋಗುವವರೆಗೂ ಕಾದು ಆಮೇಲೆ ಮೈನ್ ಎತ್ತುತ್ತಾರೆ. ನಾನು ತಿರುಗಿ ನೋಡುತ್ತೇನೆ. ನಾನು ಹಾಕಿದ ಬಲ್ಬು ಕಿಟಕಿಯಲ್ಲಿ ಹೊತ್ತಿಕೊಂಡಿರುತ್ತದೆ. ಊರಿನಲ್ಲಿ ಯಾವ ಮನೆಯ ಬೆಳಕು ಬೀದಿಯಿಂದ ಹೇಗೆ ಕಾಣುತ್ತದೆ ಎಂದು ನನ್ನಷ್ಟು ಗೊತ್ತಿರುವವರಿಲ್ಲ. ಒಳಗಿನಿಂದ ಹೇಗೆ ಕಾಣುತ್ತದೆ ಎಂದು ಗೊತ್ತಿಲ್ಲ. ಮಕ್ಕಳು ನನ್ನನ್ನು ಕಂಡರೆ ಕೂಗುತ್ತವೆ: "ಮರಿ ಬಂದ, ಬುಡ್ಡಿ ಹಚ್ಚಿ!" ನನ್ನ ಹೆಸರು ಮರಿಸ್ವಾಮಿ. ಬುಡ್ಡಿ ಎಂದರೆ ಸೀಮೆಎಣ್ಣೆ ಬುಡ್ಡಿ. ದೊಡ್ಡವರು ಮಕ್ಕಳನ್ನು ಗದರುತ್ತಾರೆ, ಗದರುತ್ತಾ ನಗುತ್ತಾರೆ.

ಈ ಸಿಟ್ಟು ಶುರುವಾದದ್ದು ನಮ್ಮವ್ವ ಸತ್ತ ದಿನ. ನಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕಲು ಕಬ್ಬಿಣದ ತಂತಿ ಕಟ್ಟಿತ್ತು. ಕಂಬದಿಂದ ಮನೆಗೆ ಬರುವ ವೈರು ಅದಕ್ಕೆ ಉಜ್ಜಿ ಉಜ್ಜಿ ಅದರ ಮೇಲಿನ ರಬ್ಬರ್ ಸವೆದಿತ್ತು. ಅವ್ವ ಹಿಂಡಿದ ಸೀರೆಯನ್ನು ಆ ಕಬ್ಬಿಣದ ತಂತಿಯ ಮೇಲೆ ಹಾಕಿದಳು. ನಾನು ಶಾಲೆಯಲ್ಲಿದ್ದೆ. ಮನೆಯಲ್ಲಿದ್ದವಳು ಅಕ್ಕ ಜಯಶೀಲ. ಆ ತಂತಿ ಮುಟ್ಟಿದರೆ ಜುಂ ಎನ್ನುತ್ತದೆ ಎಂದು ಅಕ್ಕ ಮಳೆಗಾಲದ ಶುರುವಿನಿಂದ ಅಪ್ಪನಿಗೆ ಹೇಳುತ್ತಿದ್ದಳಂತೆ. "ಕೈ ಒರೆಸ್ಕೊಂಡು ಮುಟ್ಟು" ಎಂದಿದ್ದನಂತೆ ಅಪ್ಪ. ಮೇಸ್ತ್ರಿಗೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು, ಒಂದು ಸುತ್ತು ಟೇಪು, ತಂತಿಯನ್ನು ಒಂದು ಮಾರು ಆಚೆಗೆ ಕಟ್ಟುವ ಕೆಲಸ.

ಅಂದು ಸಂಜೆ ಹೆಣದ ತಲೆಯ ಹತ್ತಿರ ಬಲ್ಬು ಹಾಕಿದರು, ಹೋಯಿತು. ಫ್ಯೂಸ್ ಕಟ್ಟಿದರು, ಮತ್ತೆ ಹೋಯಿತು. ಎಲ್ಲರೂ ನನ್ನ ಮುಖ ನೋಡಿದರು. "ಹುಡುಗ ಕುದೀತಾ ಅವ್ನೆ, ಹೊರಗೆ ಕೂರಿಸಿ" ಎಂದರು. ನನ್ನವ್ವನಿಗೆ ನೀರು ಹಾಕುವಾಗ ನಾನು ಹೊರಗೆ ಕಲ್ಲಿನ ಮೇಲಿದ್ದೆ. ಅದಕ್ಕಾಗಿ ನಾನು ಯಾರನ್ನೂ ಕ್ಷಮಿಸಿಲ್ಲ.

ಅಪ್ಪನೂ ಹೋದ ಮೇಲೆ ಅಕ್ಕನಿಗೆ ಗಂಡು ಬಂತು. ನಮ್ಮಲ್ಲಿ ಹೆಣ್ಣು ನೋಡುವುದೆಂದರೆ ಹುಡುಗಿಯನ್ನು ಬಲ್ಬಿನ ಕೆಳಗೆ ಮಣೆ ಹಾಕಿ ಕೂರಿಸುತ್ತಾರೆ. ಗಂಡಿನ ಕಡೆಯವರು ಒಂದೊಂದೇ ಕೊಂಕು ಮಾತಾಡುತ್ತಾರೆ, ಬಣ್ಣ ಕಮ್ಮಿ, ಮೂಗು ಮೊಂಡ, ತಾಯಿಲ್ಲದ ಮನೆ ಎಂದೆಲ್ಲ. ಬಲ್ಬು ಮಿಣುಕದಿದ್ದರೆ ಹುಡುಗಿ ಒಪ್ಪಿಗೆ. ಅಂದು ತಾಯಿಯ ಮಾತು ಬಂದ ಕೂಡಲೇ ಟಪ್ ಎಂದಿತು. "ಹಿತ್ತಲಲ್ಲಿ ಮರಿ ಅವ್ನೆ, ಅವನದೇ ಇದು" ಎಂದರು ನಮ್ಮ ಕಡೆಯವರು. ನನ್ನನ್ನು ಕೆರೆಯ ಕಡೆಗೆ ಅಟ್ಟಿದರು. ಅಕ್ಕನೇ ಎದ್ದು ಹೋಗಿ ಫ್ಯೂಸ್ ಕಟ್ಟಿಕೊಂಡು ಬಂದು ಮಣೆಯ ಮೇಲೆ ಕೂತಳಂತೆ. ಆಮೇಲೆ ಏನು ಕೇಳಿದರೂ ದೀಪ ಮಿಸುಕಲಿಲ್ಲವಂತೆ. ಹುಡುಗಿ ಶಾಂತಮೂರ್ತಿ, ಮೇಲಾಗಿ ಫ್ಯೂಸ್ ಕಟ್ಟಲೂ ಬರುತ್ತದೆ ಎಂದು ಭಾವ ನಂಜುಂಡನ ಮನೆಯವರು ಹಿಗ್ಗಿಹೋದರು.

ಅಂದಿನಿಂದ ಅಕ್ಕನ ಮನೆಗೂ ನನಗೂ ಬಾಗಿಲಿನ ಸಂಬಂಧ. ಹಬ್ಬದಲ್ಲಿ ಹೋಗುತ್ತೇನೆ, ತಣಿಗಲ್ಲಿನ ಮೇಲೆ ಕೂರುತ್ತೇನೆ, ಅವಳು ತಟ್ಟೆ ತಂದುಕೊಡುತ್ತಾಳೆ, ತಿಂದು ತೊಳೆದಿಟ್ಟು ಬರುತ್ತೇನೆ. ಕೆಲಸಕ್ಕೆಂದು ಆ ಮನೆಗೆ ನನ್ನನ್ನು ಕರೆದದ್ದೇ ಇಲ್ಲ. ಅವಳ ಮಗಳಿಗೆ ನಮ್ಮವ್ವನ ಹೆಸರನ್ನೇ ಇಟ್ಟಿದ್ದಾರೆ, ಹೊನ್ನಿ ಎಂದು. ಹೊನ್ನಿಗೆ ಕಿವಿ ಚುಚ್ಚುವ ಮಾತು ಬಂದಾಗ ಅಕ್ಕ ಸುಣ್ಣದ ಗೂಡಿನವರೆಗೂ ನಡೆದುಕೊಂಡು ಬಂದಳು.

"ಸೋದರಮಾವನ ತೊಡೆ ಮೇಲೆ ಕೂರ್ಸಿ ಚುಚ್ಚಬೇಕು. ನೀನು ಬರಬೇಕು."

"ಬೀದೀಲಿ ಚುಚ್ತೀರಾ?"

"ನಡುಮನೇಲಿ. ದೇವರ ಮುಂದೆ."

ಅವಳ ಮನೆಯ ನಡುಮನೆಗೆ ಕಿಟಕಿಯಿಲ್ಲ. ಹಗಲಿನಲ್ಲೂ ಬಲ್ಬು ಬೇಕು. "ಅಕ್ಕಸಾಲಿ ಆಚಾರ್ರು ಸೂಜಿ ಇಟ್ಟಾಗ ಟಪ್ ಅಂದ್ರೆ ಮಗೀನ ಕಣ್ಣಿಗೆ ಚುಚ್ತಾರೆ. ಭಾವನ ತೊಡೆ ಮೇಲೆ ಕೂರ್ಸಿ ಚುಚ್ಸು" ಎಂದೆ.

"ಏನೂ ಆಗಲ್ಲ. ನಮ್ಮನೇಲಿ ಏನೂ ಆಗಲ್ಲ, ಬಾ" ಎಂದಳು. ಅವಳು ಅಷ್ಟು ಗಟ್ಟಿಯಾಗಿ ಹೇಳಿದ್ದೇ ನನಗೆ ಆಶ್ಚರ್ಯ. ಅವಳು ಹೋದ ಮೇಲೆ ನಾನು ಅಂಗಿ ಒಗೆದು ಹಾಕಿದೆ, ಸೀಗೆಕಾಯಿ ತಂದೆ. ಮಗುವಿಗೆ ಕೊಡಲು ಒಂದು ಗಿಲಕಿ ಕೊಂಡೆ. ಸ್ಟೌವಿನ ಮುಂದೆ ಕೂತು ಮೊಣಕಾಲು ಮಡಚಿ, ತೊಡೆಯ ಮೇಲೆ ದಿಂಬಿಟ್ಟುಕೊಂಡು ಅಲುಗಾಡದೆ ಇರುವುದನ್ನು ಕಲಿತೆ.

ಆ ದಿನ ಬೆಳಿಗ್ಗೆ ನಾನು ಕೆಲಸದ ಚೀಲ ಹೆಗಲಿಗೆ ಹಾಕಿಕೊಂಡೇ ಹೋದೆ. ಅದಿಲ್ಲದಿದ್ದರೆ ನನಗೆ ಕೈ ಎಲ್ಲಿಡಬೇಕೆಂದು ತಿಳಿಯುವುದಿಲ್ಲ. ಅಂಗಳದಲ್ಲಿ ಜನ ನಿಂತಿದ್ದರು. ನನ್ನನ್ನು ಕಂಡು ದಾರಿ ಬಿಟ್ಟರು. ಅಕ್ಕನ ಅತ್ತೆ ಕೆಂಪಮ್ಮ ಮೊದಲೇ ನಡುಮನೆಯ ಮೂಲೆಯಲ್ಲಿ ಒಂದು ಬುಡ್ಡಿ ಹಚ್ಚಿಟ್ಟು ಅದಕ್ಕೆ ಮೊರ ಅಡ್ಡ ಇಟ್ಟಿದ್ದಳು. ನನಗೆ ಕಾಣಬಾರದೆಂದು. ಕಂಡಿತು.

"ಬಾರಪ್ಪ ಮರಿ, ಒಳಗೆ ಬಾ" ಎಂದ ಭಾವ. "ಫ್ಯೂಸ್ ಹೋಗೋದಿದ್ರೆ ಬೇಗ ಹೋಗ್ಲಿ, ಒಂದು ಸಲ ಕಟ್ಟಿ ಮುಗಿಸ್ತೀವಿ." ನಾಲ್ಕು ಜನ ನಕ್ಕರು.

ಹೊಸಿಲು ದಾಟಿದೆ. ಸಿಟ್ಟು ಎಂದಿನಂತೆ ಜೊತೆಗೇ ಇತ್ತು. ಬಲ್ಬು ಹಳದಿಗೆ ತಿರುಗಿತು. ಎಲ್ಲರೂ ತಲೆಯೆತ್ತಿದರು. ನಾನು ಕಾದೆ. ಟಪ್ ಎನ್ನಲಿಲ್ಲ. ಹಳದಿಯಾಗಿಯೇ ನಿಂತಿತು, ಆದರೆ ನಿಂತಿತು. ಕೆಂಪಮ್ಮ ಬಾಯಿಗೆ ಸೆರಗು ಹಿಡಿದಳು. "ಅಯ್ಯೋ, ಹುಡುಗ ತಣ್ಣಗಾಗವ್ನೆ ಕಣ್ರೇ."

ಮಣೆಯ ಮೇಲೆ ಕೂತೆ. ಹೊನ್ನಿಯನ್ನು ನನ್ನ ತೊಡೆಯ ಮೇಲಿಟ್ಟರು. ಅವಳ ನೆತ್ತಿಯಲ್ಲಿ ಹರಳೆಣ್ಣೆಯ ವಾಸನೆಯಿತ್ತು. ಗಿಲಕಿಯನ್ನು ನೇರ ಬಾಯಿಗೆ ಹಾಕಿಕೊಂಡಳು. ನಾನು ಬಲ್ಬಿನ ಕೆಳಗೆ ಜನರ ನಡುವೆ ಕೂತಿದ್ದೆ. ನೆಲದ ಮೇಲೆ ನನ್ನ ನೆರಳು, ಅದರೊಳಗೆ ಮಗುವಿನ ನೆರಳು. ಬೆಳಕು ಒಳಗಿನಿಂದ ಕಾಣುವುದು ಹೀಗೆ ಎಂದುಕೊಂಡೆ. ಆಚಾರ್ರು ಚಿನ್ನದ ತಂತಿಯ ತುದಿಯನ್ನು ಉಜ್ಜುತ್ತಿದ್ದರು. ನನ್ನೊಳಗೆ ಏನೋ ಸಡಿಲವಾಯಿತು. ಇಷ್ಟು ವರ್ಷದಲ್ಲಿ ಮೊದಲ ಸಲ ನನಗೆ ಸಿಟ್ಟಿಲ್ಲ ಎಂದು ಗೊತ್ತಾಯಿತು.

ಆದರೂ ಬಲ್ಬು ಬೆಳ್ಳಗಾಗಲಿಲ್ಲ. ಆಗ ವಾಸನೆ ಬಂತು.

ವೈರಿಂಗ್ ಮಾಡುವವನ ಮೂಗಿಗೆ ಅದು ತಪ್ಪುವುದಿಲ್ಲ. ರಬ್ಬರ್ ಬೇಯುವ ವಾಸನೆ, ಸುಟ್ಟ ಮೀನಿನ ಹಾಗೆ. ಕಣ್ಣೆತ್ತಿ ವೈರು ಹೋಗಿರುವ ದಾರಿ ನೋಡಿದೆ. ಕಟೌಟಿನಿಂದ ಮರದ ಪಟ್ಟಿಯ ಮೇಲೆ ಹತ್ತಿ, ಅಟ್ಟದ ಅಂಚಿನಲ್ಲಿ ಹಾದು ಬಲ್ಬಿಗೆ ಇಳಿದಿತ್ತು. ಅಟ್ಟದ ಮೇಲೆ ಹಳೆಯ ಹತ್ತಿ ಹಾಸಿಗೆಗಳನ್ನು ಒಟ್ಟಿದ್ದರು. ಅವುಗಳ ಕೆಳಗೇ ಹೊನ್ನಿಯ ತೊಟ್ಟಿಲು. ಕೈ ಚಾಚಿ ಗೋಡೆಯ ಪಟ್ಟಿ ಮುಟ್ಟಿದೆ. ಜ್ವರ ಬಂದವರ ಹಣೆಯ ಹಾಗಿತ್ತು.

ಫ್ಯೂಸ್ ಯಾಕೆ ಹೋಗಲಿಲ್ಲವೆಂದು ಆಗ ಅರ್ಥವಾಯಿತು. ಅಕ್ಕನ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು.

ಸುಮ್ಮನಿದ್ದರೆ ಇನ್ನು ಸ್ವಲ್ಪ ಹೊತ್ತಿನಲ್ಲಿ ಕಿವಿ ಚುಚ್ಚಿ ಮುಗಿಯುತ್ತಿತ್ತು. ಊರೆಲ್ಲ ಮರಿ ಸುಧಾರಿಸಿದ ಎನ್ನುತ್ತಿತ್ತು. ನಾಳೆಯಿಂದ ಜನ ನನ್ನನ್ನು ಒಳಗೆ ಕರೆದು ಕಾಫಿ ಕೊಡುತ್ತಿದ್ದರು. ಅದು ನನಗೆ ಬೇಕಿತ್ತು. ಎಷ್ಟು ಬೇಕಿತ್ತೆಂದರೆ ಒಂದು ಕ್ಷಣ ಕೂತೇ ಇದ್ದೆ. ಆಮೇಲೆ ಮಗುವನ್ನು ಎದೆಗೆ ಅವುಚಿಕೊಂಡು ಎದ್ದು ಹೋಗಿ ಮೈನ್ ಇಳಿಸಿದೆ.

ಕತ್ತಲಾಯಿತು. "ಮರಿ ಬಂದ, ಬುಡ್ಡಿ ಹಚ್ಚಿ" ಎಂದ ಭಾವ. ಈ ಸಲ ಎಲ್ಲರೂ ನಕ್ಕರು. ಕೆಂಪಮ್ಮ ಮೊರ ಸರಿಸಿದಳು.

"ಎಲ್ಲಾರೂ ಅಂಗಳಕ್ಕೆ ಹೋಗಿ. ವೈರು ಬೇಯ್ತಾ ಐತೆ."

"ನಿನ್ನಿಂದ್ಲೇ ಬೇಯ್ತಾ ಐತೆ" ಎಂದ ಭಾವ. ಆದರೂ ಹೋದರು, ಮಗುವನ್ನೂ ಕೆಂಪಮ್ಮ ಎತ್ತಿಕೊಂಡು ಹೋದಳು. ಅಕ್ಕ ಮಾತ್ರ ಉಳಿದಳು.

ಟೆಸ್ಟರ್ ಇಟ್ಟು ನೋಡಿ, ಬಟ್ಟೆ ಸುತ್ತಿದ ಕೈಯಿಂದ ಪಿಂಗಾಣಿಯ ಹಿಡಿಯನ್ನು ಎಳೆದೆ. ಕೂದಲೆಳೆಯಂಥ ತಂತಿ ಇರಬೇಕಾದ ಜಾಗದಲ್ಲಿ ತಾಮ್ರದ ಎಳೆಗಳನ್ನು ಹುರಿ ಮಾಡಿ ಸುತ್ತಿತ್ತು, ಸೈಕಲ್ ಕಡ್ಡಿಯಷ್ಟು ದಪ್ಪ.

"ನಂಗೋಸ್ಕರ ಹಿಂಗೆ ಮಾಡ್ತಾರೇನಕ್ಕ? ಅಟ್ಟದ ಮೇಲೆ ಹಾಸಿಗೆ ಐತೆ, ಕೆಳಗೆ ಮಗು ಮಲಗ್ತದೆ. ಅವ್ವನ ಹೆಸರಿಟ್ಟು ಅವ್ವನ ಹಂಗೇ ಕಳಿಸ್ತೀಯಾ?"

ಬುಡ್ಡಿಯ ಬೆಳಕಿಗೆ ತಂತಿಯನ್ನು ಹಿಡಿದು ನೋಡಿದೆ. ಮಸಿ ಹಿಡಿದಿತ್ತು, ಸುರುಳಿಯ ಸಂದುಗಳಲ್ಲಿ ಹಸಿರು ಕಿಲುಬು ಕಟ್ಟಿತ್ತು. ನಿನ್ನೆ ಮೊನ್ನೆ ಕಟ್ಟಿದ್ದಲ್ಲ. "ಇದು ಯಾವಾಗಿಂದ ಐತೆ?" ಎಂದೆ.

"ಅದನ್ನ ಹಂಗೇ ಹಾಕ್ಬುಡು, ಮರಿ."

"ಹಾಕಲ್ಲ."

"ನಿನ್ನ ಕಾಲು ಹಿಡ್ಕೋತೀನಿ. ಇಷ್ಟು ದಿನ ಏನೂ ಆಗಿಲ್ಲ. ಹಂಗೇ ಹಾಕ್ಬುಡು."

ಅಕ್ಕ ಹೀಗೆ ಬೇಡಿಕೊಂಡಿದ್ದನ್ನು ನಾನು ನೋಡಿರಲಿಲ್ಲ. ನಾನು ಒಳಗೆ ಕೂರಲಿ ಎಂದು ಇಷ್ಟು ಆಸೆಯೇ ಎಂದುಕೊಂಡೆ. ಆದರೆ ಕೈ ನಿಲ್ಲಲಿಲ್ಲ. ಬೆಂದ ವೈರನ್ನು ಕತ್ತರಿಸಿ ಹೊಸದು ಎಳೆದೆ, ಜೋಡಣೆಗಳಿಗೆ ಟೇಪು ಸುತ್ತಿದೆ, ಹಾಸಿಗೆಗಳನ್ನು ಅಟ್ಟದಿಂದ ಕೆಳಗೆ ಹಾಕಿದೆ. ಕೊನೆಗೆ ತೆಳ್ಳಗಿನ ಫ್ಯೂಸ್ ತಂತಿಯನ್ನು ಒಂದೇ ಎಳೆ ಕಟ್ಟಿ ಹಿಡಿಯನ್ನು ತಳ್ಳಿದೆ. ಕಿತ್ತ ದಪ್ಪ ತಂತಿಯನ್ನು ಜೇಬಿಗೆ ಹಾಕಿಕೊಂಡೆ. ಅಕ್ಕ ಗೋಡೆಗೆ ಒರಗಿಕೊಂಡು ನಿಂತೇ ಇದ್ದಳು.

ಕಿವಿ ಚುಚ್ಚಿದ್ದು ಅಂಗಳದಲ್ಲೇ, ತಣಿಗಲ್ಲಿನ ಮೇಲೆ, ಬಿಸಿಲಿನಲ್ಲಿ. ದೇವರ ದೀಪವನ್ನು ಹೊಸಿಲಿಗೆ ತಂದಿಟ್ಟರು. ಹೊನ್ನಿ ಎರಡು ಸಲ ಕಿರುಚಿ, ಗಿಲಕಿಯಿಂದ ನನ್ನ ಗಲ್ಲಕ್ಕೆ ಹೊಡೆದು, ಅಳುತ್ತಳುತ್ತಲೇ ನನ್ನ ತೋಳಿನ ಮೇಲೆ ನಿದ್ದೆಹೋದಳು. ಎತ್ತಿಕೊಳ್ಳಲು ಬಂದ ಕೆಂಪಮ್ಮನಿಗೆ ಕೊಡಲಿಲ್ಲ. ಏಳುತ್ತಾಳೆ ಎಂದೆ.

ಭಾವ ಒಳಗೆ ಹೋಗಿ ಮೈನ್ ಎತ್ತಿದ. ನಡುಮನೆಯಲ್ಲಿ ಬಲ್ಬು ಹೊತ್ತಿತು. ಬೆಳ್ಳಗೆ, ನೆಟ್ಟಗೆ. ಜನ ಊಟಕ್ಕೆ ಒಳಗೆ ಹೋದರು. ಎಲೆ ಹಾಕುವ ಸದ್ದು, ನೀರು ಚಿಮುಕಿಸುವ ಸದ್ದು ಕೇಳಿಸಿತು. ನನಗೆ ಒಳಗೆ ಬಾ ಎನ್ನುವವರಿರಲಿಲ್ಲ, ನಾನೂ ಕಾಯಲಿಲ್ಲ. ಅಕ್ಕ ಹೊರಗೇ ನಿಂತಿದ್ದಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ.

"ಜಯಾ, ಎಲೆ ಮುಂದೆ ಕೂತವ್ರೆ, ಬಡಿಸೋರು ಯಾರು?" ಎಂದು ಕೆಂಪಮ್ಮ ಕೂಗಿದಳು.

"ಹೋಗಕ್ಕ" ಎಂದೆ. "ಇನ್ನು ದೀಪ ನಿಲ್ತದೆ. ನಾನು ಇಲ್ಲೇ ಕೂತಿರ್ತೀನಿ, ಒಳಗೆ ಬರಲ್ಲ."

ಅವಳು ನನ್ನನ್ನು ನೋಡಿದ ರೀತಿ ನನಗೆ ಅರ್ಥವಾಗಲಿಲ್ಲ. ಮಗುವಿನ ಹೊಸ ಓಲೆಯನ್ನು ಬೆರಳಲ್ಲಿ ಮುಟ್ಟಿ, ಸೆರಗು ಸಿಕ್ಕಿಸಿಕೊಂಡು ಹೊಸಿಲು ದಾಟಿದಳು.

ಬಲ್ಬು ಹಳದಿಯಾಯಿತು. ಟಪ್ ಎಂದಿತು.

"ಮರಿ ಬಂದ, ಬುಡ್ಡಿ ಹಚ್ಚಿ!" ಒಳಗೆ ಯಾರೋ ಕೂಗಿದರು. ನಗು ಎದ್ದಿತು. ಭಾವ ಎಲೆಯ ಮುಂದಿನಿಂದ ಎದ್ದು ಬಾಗಿಲಿಗೆ ಬಂದ. "ಏನ್ಲಾ, ಊಟದ ಹೊತ್ತಲ್ಲಾದ್ರೂ..." ಎಂದವನು ಅಲ್ಲಿಗೇ ನಿಂತ. ನಾನು ಕಲ್ಲಿನ ಮೇಲಿದ್ದೆ, ತೋಳಿನ ಮೇಲೆ ಅವನ ಮಗಳು ಮಲಗಿದ್ದಳು. ಅವನು ನನ್ನನ್ನು ನೋಡಿದ, ತಿರುಗಿ ಕತ್ತಲನ್ನು ನೋಡಿದ. ಒಳಗಿನ ನಗು ಒಂದೊಂದಾಗಿ ನಿಂತಿತು.

"ಮರಿ ಅಲ್ಲ" ಎಂದಿತು ಅಕ್ಕನ ದನಿ. ಜೋರಾಗಿ ಅಲ್ಲ, ಬಡಿಸುವಾಗ ಇನ್ನು ಸ್ವಲ್ಪ ಹಾಕಲಾ ಎಂದು ಕೇಳುವಷ್ಟು ಮೆತ್ತಗೆ. "ನಾನು."

ಪಾತ್ರೆಯೊಂದನ್ನು ಅವಳು ನೆಲಕ್ಕಿಟ್ಟ ಸದ್ದು ಕೇಳಿತು.

"ಅವತ್ತೂ ನಾನೇ" ಎಂದಳು. "ಅವ್ವನ ತಲೆ ಹತ್ರ ಕೂತಿದ್ದೋಳು ನಾನು. ಹುಡುಗನ್ನ ಹೊರಗೆ ಕೂರ್ಸಿದ ಮೇಲೂ ಎರಡು ಸಲ ಹೋಯ್ತು. ಯಾರೂ ನನ್ನ ಮುಖ ನೋಡ್ಲಿಲ್ಲ."

ನನ್ನ ಜೇಬಿನಲ್ಲಿ ಆ ತಂತಿ ತೊಡೆಗೆ ಒತ್ತುತ್ತಿತ್ತು. ಹೆಣ್ಣು ನೋಡಲು ಬಂದ ದಿನ ಅವಳೇ ಎದ್ದು ಹೋಗಿ ಕಟ್ಟಿದ್ದು ಏನೆಂದು, ಈ ಮನೆಯಲ್ಲೂ ಅಂಥದೇ ದಪ್ಪ ತಂತಿ ಕಟ್ಟಿ ಹೇಗೆ ನಗುನಗುತ್ತಾ ಬದುಕಿದಳೆಂದು ಈಗ ತಿಳಿಯಿತು. ಇಬ್ಬರದೂ ಒಂದೇ ಸಿಟ್ಟು. ನನ್ನನ್ನು ಊರಿನ ಆಚೆಗೆ ಕಳಿಸಿದರು, ಅವಳು ಗೋಡೆಯೊಳಗೆ ಬೇಯುತ್ತಾ ಉಳಿದಳು. ಒಬ್ಬನೇ ಎಂದುಕೊಂಡು ನಾನು ಸ್ಟೌವಿನ ಜೊತೆ ಮಾತಾಡುತ್ತಾ ಕೂತಿದ್ದೆ.

ಭಾವ ಬಾಗಿಲಲ್ಲೇ ಇದ್ದ. ಆಮೇಲೆ ಪಕ್ಕಕ್ಕೆ ಸರಿದ, ಒಬ್ಬ ಹೋಗುವಷ್ಟು.

"ಮರಿ, ಊಟಕ್ಕೆ ಬಾ" ಎಂದಳು ಅಕ್ಕ. "ಹೆಂಗೂ ಹೋಗೈತಲ್ಲ."

"ಫ್ಯೂಸ್ ಕಟ್ಟಲಾ?"

"ಆಮೇಲೆ ಕಟ್ಟುವಂತೆ. ಮೊದಲು ಊಟ ಮಾಡು."

ಮಗುವನ್ನು ಎತ್ತಿಕೊಂಡು ಒಳಗೆ ಹೋದೆ. ಬಿಸಿಲಿನಿಂದ ಬಂದವನಿಗೆ ಏನೂ ಕಾಣಲಿಲ್ಲ. ಯಾರದೋ ಮೊಣಕಾಲು ತಗುಲಿತು, ಆ ಮೊಣಕಾಲು ಸರಿದು ಜಾಗ ಕೊಟ್ಟಿತು. ಮೂಲೆಯಲ್ಲಿ ಕೆಂಪಮ್ಮನ ಬೆಂಕಿಪೊಟ್ಟಣ ಅಲ್ಲಾಡಿತು. "ಹಚ್ಬೇಡಿ ಅತ್ತೆ" ಎಂದಳು ಅಕ್ಕ. ಬೆಂಕಿಪೊಟ್ಟಣ ಸುಮ್ಮನಾಯಿತು. ಅವಳ ಬಳೆಯ ಸದ್ದು ನನ್ನ ಮುಂದೆ ಬಂದು ನಿಂತಿತು. ಎಲೆಯ ಮೇಲೆ ಬಿಸಿ ಅನ್ನ ಬಿದ್ದದ್ದು ಹಬೆಯಿಂದ ಗೊತ್ತಾಯಿತು. ನಾನು ಮಗುವನ್ನು ಎಡತೋಳಿಗೆ ಬದಲಿಸಿಕೊಂಡು, ಕತ್ತಲಲ್ಲಿ ಬಲಗೈ ಚಾಚಿದೆ.